ನಿಲ್ಲುವವನ ಹೆಸರು

ಪವಿಯ ನಿಜವಾದ ಹೆಸರು ತಿಪ್ಪವ್ವ ಎಂಬುದು ಇಡೀ ಜರ್ಮನಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಾಳಿ ಕಟ್ಟಿದ ಬಸವಪ್ರಸಾದನಿಗೂ ಗೊತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಪವಿತ್ರಾ, ಗಂಡನ ಬಾಯಲ್ಲಿ ಪವಿ, ಕೆಳಮನೆಯ ಜರ್ಮನ್ ಹೆಂಗಸು ಫ್ರಾವ್ ವೀಸ್ನರ್ ಬಾಯಲ್ಲಿ ಗಂಡನ ಮನೆತನದ ಹೆಸರು. ತಿಪ್ಪವ್ವನನ್ನು ಗದಗಿನ ಬಸ್‌ಸ್ಟ್ಯಾಂಡಿನಲ್ಲೇ ಇಳಿಸಿ ಬಂದವಳಂತೆ ಅವಳು ಬದುಕಿದ್ದಳು.

ಆ ಹೆಸರು ಬಂದದ್ದು ಹೀಗೆ. ಅವಳ ತಾಯಿ ಸುಶೀಲಾಬಾಯಿಗೆ ಮೊದಲೆರಡು ಕೂಸುಗಳು ಹುಟ್ಟಿ ಹೋದವು. ಅವರ ಕಡೆ ಅದನ್ನು ಸತ್ತವು ಎನ್ನುವುದಿಲ್ಲ, ಕೂಸು ನಿಲ್ಲಲಿಲ್ಲ ಎನ್ನುತ್ತಾರೆ. ಮೂರನೆಯದು ಹುಟ್ಟಿದಾಗ ಅಜ್ಜಿ ಅದನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆಯ ಮೇಲೆ ಇಟ್ಟು, ಬೆನ್ನು ತಿರುಗಿಸಿ ನಿಂತಳು. ಆಚೆಮನೆಯ ಕಾಂತಾಮಣಿ, ಮನೆ ತುಂಬ ಮಕ್ಕಳಿದ್ದವಳು, ಯಾರೋ ಒಗೆದುಹೋದ ಕೂಸು ಸಿಕ್ಕಿತೆಂದು ಕೂಗುತ್ತ ಎತ್ತಿಕೊಂಡು ಬಂದಳು. ಸುಶೀಲಾಬಾಯಿ ಅವಳಿಗೆ ಒಂದು ಸೇರು ತೌಡು ಕೊಟ್ಟು, ಸೆರಗೊಡ್ಡಿ ತನ್ನ ಮಗಳನ್ನು ತಾನೇ ಕೊಂಡುಕೊಂಡಳು. ಕಸದಲ್ಲಿ ಸಿಕ್ಕ ಕೂಸು, ತೌಡಿನ ಬೆಲೆಯ ಕೂಸು. ಇಂಥದರ ಮೇಲೆ ಸಾವಿಗಾದರೂ ಏನು ಆಸೆ ಇದ್ದೀತು? ತಿಪ್ಪವ್ವ ಎಂದು ಕರೆದರು. ಕೂಸು ನಿಂತಿತು.

ನಿಂತ ಕೂಸು ಶಾಲೆಗೆ ಹೋಗಬೇಕಲ್ಲ. ಅಲ್ಲಿ ಹುಡುಗರು ಅವಳು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾಜರಿ ಕರೆಯುವಾಗ ಮಾಸ್ತರರಿಗೂ ನಗು. ಹತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ಹುಡುಗಿ ಊಟ ಬಿಟ್ಟು ಹಟ ಹಿಡಿದಳು. ಅಪ್ಪ ಕೋರ್ಟಿನ ಮುಂದೆ ಅಫಿಡವಿಟ್ ಮಾಡಿಸಿ ಪವಿತ್ರಾ ಎಂದು ಬರೆಸಿಕೊಂಡು ಬಂದ. ಮೈತುಂಬ ಸೋಪು ಹಚ್ಚಿ ತೊಳೆದಂಥ ಹೆಸರು. ಅಂದಿನಿಂದ ಹಳೆಯ ಹೆಸರು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅವಳು ಓ ಎನ್ನುತ್ತಿರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದಳು, ಎರಡು ವರ್ಷ ಲೆಕ್ಕದ ಟ್ಯೂಷನ್ ಹೇಳಿದಳು, ಬಾಗಲಕೋಟೆಯ ದೊಡ್ಡ ಮನೆತನದ ಎಂಜಿನಿಯರನ್ನು ಮದುವೆಯಾದಳು. ಅವನು ಜರ್ಮನಿ ಆಗ ಕಂಪ್ಯೂಟರ್ ಎಂಜಿನಿಯರುಗಳಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಲ್ಲಿನ ಹರ್ಟ್ಸೋಗೆನಾವ್‌ರಾಕ್‌ಗೆ ಬಂದಾಗ ಹಿಂದೆಯೇ ಬಂದಳು.

ಬಸವಪ್ರಸಾದನಿಗೆ ಹೆಸರುಗಳ ಮೇಲೆ ಬಲು ನಂಬಿಕೆ. ಊರಲ್ಲಿ ಹುಟ್ಟಿದ ಮೊದಲ ಮಗನಿಗೆ ಹುಟ್ಟುವ ಮೊದಲೇ ಅಕ್ಷಯ ಎಂದು ಗೊತ್ತುಮಾಡಿದ್ದ. ಅಕ್ಷಯ ಹುಟ್ಟಿ ಒಂದು ತಿಂಗಳೂ ತುಂಬಿಸಲಿಲ್ಲ. ಇಲ್ಲಿ ಹುಟ್ಟಿದ ಎರಡನೆಯವನಿಗೆ ಇಂಟರ್ನೆಟ್ಟೆಲ್ಲ ಜಾಲಾಡಿ ಚಿರಂತನ ಎಂದು ಹುಡುಕಿದ. ಚಿರಂತನ ಹುಟ್ಟಿದ ದಿನದ ಸಂಜೆ ಕಾಣಲಿಲ್ಲ. ಆಮೇಲೆ ಗಂಡ ಹೆಂಡಿರ ನಡುವೆ ಹೆಸರಿನ ಮಾತೇ ನಿಂತುಹೋಯಿತು. ಮೂರನೆಯ ಸಲ ಬಸುರಾದಾಗ ಪವಿ ಯಾರಿಗೂ ಹೇಳದೆ ಬಹಳ ದಿನ ಸುಮ್ಮನಿದ್ದಳು. ಕೊನೆಗೆ ತಾಯಿಯನ್ನು ಕರೆಸಿಕೊಂಡಳು.

ಸುಶೀಲಾಬಾಯಿ ಬಾಣಂತನಕ್ಕೆಂದು ಜೋಳದ ಹಿಟ್ಟು, ಅಳವಿ, ಅಂಟಿನುಂಡಿ, ಒಂದು ಕೌದಿ ಹೊತ್ತು ಬಂದಳು. ಬಂದ ಮರುದಿನ ಅಡಿಗೆಮನೆಯ ಕಿಟಕಿಯಿಂದ ಹಿತ್ತಲು ನೋಡಿದವಳ ಮುಖ ಅರಳಿತು. ಹುಲ್ಲಿನ ಆಚೆ ತುದಿಯಲ್ಲಿ ಹಲಗೆ ಕಟ್ಟಿದ ಚೌಕದೊಳಗೆ ಎಲೆ, ತರಕಾರಿ ಸಿಪ್ಪೆ, ಮೊಟ್ಟೆಯ ಓಡು ಕೊಳೆಯುತ್ತಿದ್ದವು.

"ಇಲ್ಲೂ ತಿಪ್ಪಿ ಐತೆಲ್ಲವಾ!"

"ಅದು ಕಾಂಪೋಸ್ಟ್, ಅವ್ವ. ಫ್ರಾವ್ ವೀಸ್ನರ್ ಅವ್ರದು. ಅತ್ತಾಗ ಹೋಗಬ್ಯಾಡ."

ಪವಿ ಅಂದೇ ಗಮನಿಸಬೇಕಿತ್ತು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ತಾಯಿ ಒಂದು ಸಂಜೆ ಊಟಕ್ಕೆ ಕೂತಾಗ ಮಾತು ತೆಗೆದಳು. ಗಂಡುಕೂಸು, ಚೆಂದಾಗಿ ಹಾಲು ಕುಡಿಯುತ್ತಿತ್ತು, ಇನ್ನೂ ಹೆಸರಿಲ್ಲ. ಒಮ್ಮೆ ತಿಪ್ಪೆಯ ಶಾಸ್ತ್ರ ಮಾಡಿಬಿಟ್ಟರೆ ಮನಸ್ಸಿಗೆ ಸಮಾಧಾನ ಎಂದಳು. ಗಂಡನೆದುರು ಹಳೆಯದೆಲ್ಲ ಎಲ್ಲಿ ಬಾಯಿಬಿಡುತ್ತಾಳೋ ಎಂದು ಪವಿ ತಾಯಿಯನ್ನು ದುರುಗುಟ್ಟಿ ನೋಡಿದಳು. ಬಸವಪ್ರಸಾದ ಮಾತ್ರ ನಕ್ಕು, "ಅತ್ತಿ, ಇಲ್ಲಿ ಇವೆಲ್ಲಾ ನಡಿಯಂಗಿಲ್ರಿ. ಪೊಲೀಸ್ರು ಬರ್ತಾರ" ಎಂದ. ತಮಾಷೆಗೆ ಅಂದಿದ್ದ, ಪಾಪ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಬಸವಪ್ರಸಾದ ಆಫೀಸಿಗೆ ಹೋದ ಮೇಲೆ, ಪವಿಗೆ ಎಚ್ಚರವಾಯಿತು. ಪಕ್ಕದಲ್ಲಿ ಕೂಸಿರಲಿಲ್ಲ. ಅವ್ವ ಎತ್ತಿಕೊಂಡಿರಬೇಕು ಎಂದುಕೊಂಡಳು. ಮನೆ ಸುಮ್ಮನಿತ್ತು. ಹೊಟ್ಟೆಯ ಹೊಲಿಗೆಯನ್ನು ಕೈಯಿಂದ ಒತ್ತಿ ಹಿಡಿದು ಅಡಿಗೆಮನೆಗೆ ಬಂದಳು. ಅಲ್ಲೂ ಯಾರಿಲ್ಲ. ಕಿಟಕಿಯಿಂದ ಕೆಳಗೆ ನೋಡಿದಳು.

ಕಾಂಪೋಸ್ಟ್ ರಾಶಿಯ ಮೇಲೆ ಅವರ ಮನೆಯ ಬಟ್ಟೆಬುಟ್ಟಿ ಇತ್ತು. ಬುಟ್ಟಿಯಿಂದ ಕೌದಿಯ ಕೆಂಪು ಅಂಚು ಇಣುಕುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಅವ್ವ ಬುಟ್ಟಿಗೆ ಬೆನ್ನು ಹಾಕಿ, ಬಸವಪ್ರಸಾದನ ದಪ್ಪ ಜಾಕೆಟ್ಟಿನಲ್ಲಿ ನೆಟ್ಟಗೆ ನಿಂತಿದ್ದಳು. ಕೈಯಲ್ಲಿ ಒಂದು ಪಾಕೀಟು.

ಬೇರೆ ಯಾರಾದರೂ ಆಗಿದ್ದರೆ ಏನಿದು ಎನ್ನುತ್ತಿದ್ದರು. ಪವಿಗೆ ನೋಡಿದ ಕ್ಷಣವೇ ಎಲ್ಲ ತಿಳಿಯಿತು.

ಸುಶೀಲಾಬಾಯಿಯ ಲೆಕ್ಕ ಸರಳವಿತ್ತು. ಇಟ್ಟವರು ಎತ್ತಬಾರದು, ತಿರುಗಿಯೂ ನೋಡಬಾರದು. ಬೇರೆ ಮನೆಯವರು ಎತ್ತಬೇಕು. ಫ್ರಾವ್ ವೀಸ್ನರ್ ದಿನಾ ಬೆಳಿಗ್ಗೆ ಸಿಪ್ಪೆ ಚೆಲ್ಲಲು ಅಲ್ಲಿಗೆ ಬರುತ್ತಾಳೆ. ಹೆಂಗಸು, ಮಕ್ಕಳೊಂದಿಗಳು, ಕೂಸು ಕಂಡರೆ ಎತ್ತದೆ ಇರುತ್ತಾಳೆಯೇ? ಎತ್ತುತ್ತಾಳೆ. ತೌಡು ಕೊಟ್ಟು ಕೊಂಡುಕೊಂಡರಾಯಿತು. ಭಾಷೆ ಯಾತಕ್ಕೆ ಬೇಕು? ತೌಡಂತೂ ಅಂಗಡಿಯಲ್ಲೇ ಸಿಕ್ಕಿತ್ತು. ಈ ದೇಶದ ಮಂದಿ ಅದನ್ನು ಆರೋಗ್ಯಕ್ಕೆಂದು ಹಾಲಿಗೆ ಹಾಕಿಕೊಂಡು ತಿನ್ನುತ್ತಾರೆಂದು ತಿಳಿದು ಅವಳು ಹಿಂದಿನ ವಾರವಿಡೀ ನಕ್ಕಿದ್ದಳು.

ಫ್ರಾವ್ ವೀಸ್ನರ್ ಬಂದಳು. ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಅವಳ ಕೈಯಿಂದ ಸಿಪ್ಪೆಯ ಬಟ್ಟಲು ಬಿತ್ತು. ಒಂದು ಕೈ ಬಾಯಿಗೆ ಹೋಯಿತು. ಕೂಸನ್ನು ಅವಳು ಮುಟ್ಟಲಿಲ್ಲ. ತಿರುಗಿ ಮನೆಯೊಳಕ್ಕೆ ಓಡಿದಳು. ಓಡಿದ್ದು ಫೋನಿಗೆ ಎಂಬುದು ಮೇಲಿದ್ದ ಪವಿಗೆ ಗೊತ್ತಾಯಿತು, ಬೆನ್ನು ಹಾಕಿ ನಿಂತಿದ್ದ ಅವ್ವನಿಗೆ ಗೊತ್ತಾಗಲಿಲ್ಲ.

"ಅವ್ವಾ! ಎತ್ಕೊ ಅದನ್ನ! ಎತ್ಕೊ!" ಪವಿ ಕಿಟಕಿ ತೆಗೆಯಲು ಹೋದಳು. ಹಿಡಿಕೆಯನ್ನು ಯಾವ ಕಡೆ ತಿರುಗಿಸಿದರೂ ಕಿಟಕಿ ಪೂರ್ತಿ ತೆರೆಯದೆ ಮೇಲುಗಡೆ ಮಾತ್ರ ಒಳಕ್ಕೆ ಬಾಗಿ ನಿಂತಿತು. ಕೂಗಿದ್ದು ಕೆಳಗೆ ಕೇಳಿತೋ ಇಲ್ಲವೋ, ಅವ್ವ ಅಲುಗಲಿಲ್ಲ. ಕೇಳಿದ್ದರೂ ಅಲುಗುತ್ತಿರಲಿಲ್ಲ. ಮಗಳನ್ನು ಉಳಿಸಿದ ಶಾಸ್ತ್ರವನ್ನು ಅರ್ಧಕ್ಕೆ ಕೆಡಿಸುವವಳಲ್ಲ ಅವಳು.

ಪವಿ ಮೆಟ್ಟಿಲು ಇಳಿದಳು. ಒಂದೊಂದು ಮೆಟ್ಟಿಲಿಗೂ ಹೊಲಿಗೆ ಚುಚ್ಚುತ್ತಿತ್ತು. ಹೊರಗೆ ಚಳಿಗಾಳಿ. ಹಿತ್ತಲ ಬಾಗಿಲು ತಲುಪುವಷ್ಟರಲ್ಲಿ ಮೇಲಿನ ಮಹಡಿಯ ಸ್ತೋಯಾನ್ ಅಲ್ಲಿದ್ದ. ಬಲ್ಗೇರಿಯಾದವನು, ಬಸವಪ್ರಸಾದನ ಆಫೀಸಿನವನೇ, ಅವನ ಹಾಗೆ ಗ್ರೀನ್ ಕಾರ್ಡಿನ ಮೇಲೆ ಬಂದವನು. ಸೈಕಲ್ ತೆಗೆಯಲು ಬಂದವನು ಅಳು ಕೇಳಿ ಹೋಗಿ ಕೂಸನ್ನು ಕೌದಿಯ ಸಮೇತ ಎತ್ತಿ ಕೋಟಿನೊಳಗೆ ಒತ್ತಿಕೊಂಡಿದ್ದ. ಅವನು ಬೆನ್ನು ಹಾಕಿ ನಿಂತ ಮುದುಕಿಯನ್ನು ನೋಡಿದ, ಬುಟ್ಟಿಯನ್ನು ನೋಡಿದ, ಆಮೇಲೆ ಅವನ ಮುಖದ ಬಣ್ಣವೇ ಬದಲಾಯಿತು.

ಹೆಜ್ಜೆ ಸಪ್ಪಳಕ್ಕೆ ಸುಶೀಲಾಬಾಯಿ ತಿರುಗಿದಳು. ಹೆಂಗಸಿನ ಬದಲು ಗಂಡಸು ಎತ್ತಿದ್ದ. ಆದರೇನು, ಎತ್ತಿದ್ದನಲ್ಲ. ಅವಳು ನಗುತ್ತ ತೌಡಿನ ಪಾಕೀಟು ಮುಂದೆ ಚಾಚಿದಳು. ಅವನು ಕೈ ನೀಡುವ ಮೊದಲೇ ಬೀದಿಯ ತುದಿಯಲ್ಲಿ ಸೈರನ್ ಕೇಳಿಸಿತು.

ಆಮೇಲಿನದೆಲ್ಲ ಪವಿಗೆ ತುಂಡು ತುಂಡಾಗಿ ನೆನಪು. ಹಸಿರು ಸಮವಸ್ತ್ರದ ಇಬ್ಬರು ಪೊಲೀಸರು. ಮಗು ಯಾರದು, ಇಟ್ಟವರು ಯಾರು ಎಂಬ ಪ್ರಶ್ನೆ. ಕಿಟಕಿಯ ಪರದೆಯ ಹಿಂದೆ ಅಳುತ್ತಿದ್ದ ಫ್ರಾವ್ ವೀಸ್ನರ್. ಸ್ತೋಯಾನನ ಕೋಟಿನೊಳಗಿಂದ ಕೂಸನ್ನು ಆಂಬುಲೆನ್ಸಿನವರು ತೆಗೆದುಕೊಂಡರು. "ತೌಡು! ತೌಡು ಇನ್ನೂ ಕೊಟ್ಟಿಲ್ಲ! ಅವ್ರಿಗೆ ಹೇಳವಾ!" ಎಂದು ಅವ್ವ ಹಿಂದೆ ಓಡಿದಳು. ಪವಿ ಗಾಡಿ ಹತ್ತಿದಳು. ಬಾಗಿಲು ಮುಚ್ಚಿತು.

ಮಕ್ಕಳ ಆಸ್ಪತ್ರೆಯ ಡಾಕ್ಟರು ತಲೆಯಿಂದ ಕಾಲಿನವರೆಗೆ ನೋಡಿ ಕೂಸು ಆರೋಗ್ಯವಾಗಿದೆ, ಚಳಿಯೂ ತಾಗಿಲ್ಲ ಎಂದರು. ಪವಿ ಕೈ ಚಾಚಿದಳು. ಕೊಡಲಿಲ್ಲ. ಯುಗೆಂಡಾಮ್ಟ್‌ನಿಂದ, ಅಂದರೆ ಮಕ್ಕಳ ಯೋಗಕ್ಷೇಮ ನೋಡುವ ಕಚೇರಿಯಿಂದ, ಒಬ್ಬರು ಬರುತ್ತಿದ್ದಾರೆ, ಮಗು ನಿಮ್ಮ ಮನೆಗೆ ಹೋಗಬೇಕೋ ಕೆಲವು ದಿನ ಬೇರೆ ಕುಟುಂಬದಲ್ಲಿ ಇರಬೇಕೋ ಎಂದು ಅವರು ಇವತ್ತು ನಿರ್ಧರಿಸುತ್ತಾರೆ ಎಂದರು. ಗಾಜಿನ ಆಚೆ ಕೂಸು ಬಾಯಿ ಚಪ್ಪರಿಸುತ್ತಿತ್ತು. ಈಚೆ ಪವಿಯ ಎದೆಹಾಲು ಕುಪ್ಪಸ ತೋಯಿಸಿತು.

ಬಸವಪ್ರಸಾದ ಆಫೀಸಿನಿಂದ ಓಡಿ ಬಂದ. ಅತ್ತೆಯನ್ನು ಸ್ತೋಯಾನ್ ತನ್ನ ಕಾರಿನಲ್ಲಿ ಕರೆತಂದಿದ್ದ. ಬಸವಪ್ರಸಾದ ಅತ್ತೆಯ ಮುಖ ನೋಡಲಿಲ್ಲ. ಹೆಂಡತಿಯನ್ನು ಕಾರಿಡಾರಿನ ಮೂಲೆಗೆ ಕರೆದುಕೊಂಡು ಹೋದ.

"ಕೇಳಿಲ್ಲಿ ಪವಿ. ನಿಮ್ಮವ್ವಗ ತಲಿ ಸರಿ ಇಲ್ಲ ಅಂತ ಹೇಳೋಣ. ವಯಸ್ಸಾಗೇತಿ, ಹೊಸ ಜಾಗಾ, ಕನ್‌ಫ್ಯೂಸ್ ಆಗ್ಯಾಳ, ಮುಂದಿನ ಫ್ಲೈಟಿಗೆ ವಾಪಸ್ ಕಳಸ್ತೀವಿ ಅಂತ. ಮುಗೀತು."

"ಆಕಿ ಹುಚ್ಚಿ ಅಲ್ರೀ."

"ಗೊತ್ತೈತಿ. ಆದ್ರ ಶಾಸ್ತ್ರ ಅಂತ ಹೇಳಿದ್ರ ಯಾಕ ಅಂತ ಕೇಳ್ತಾರ. ಎರಡು ಕೂಸು ಹೋಗ್ಯಾವ ಅಂತ ಹೇಳಬೇಕಾಕ್ಕತಿ. ಎರಡು ಹೋಗ್ಯಾವ, ಮೂರನೇದು ಕಸದಾಗ ಸಿಕ್ಕೇತಿ! ಅವ್ರ ತಲ್ಯಾಗ ಏನ್ ಬರ್ತದ, ನೀನ ವಿಚಾರ ಮಾಡು." ಅವನು ಗಾಜಿನ ಕಡೆ ನೋಡಿದ. "ಇದೂ ಹೋದ್ರ ನಾ ತಡಕೊಳ್ಳಾಂಗಿಲ್ಲ, ಪವಿ."

ಅವನ ಮಾತಿನಲ್ಲಿ ಹುರುಳಿತ್ತು. ಪವಿ ಆಗಲಿ ಎಂದು ತಲೆಯಾಡಿಸಿದಳು. ಗಂಡ ಡಾಕ್ಟರನ್ನು ಕೇಳಲು ಹೋದ ಮೇಲೆ ಅವಳು ಕುರ್ಚಿಗೆ ಕುಸಿದಳು. ಪಕ್ಕದ ಕುರ್ಚಿಯಲ್ಲಿ ಸ್ತೋಯಾನ್ ಇದ್ದ. ಕಡಿಮೆ ಮಾತಿನ ಮನುಷ್ಯ. ಹೆಸರಿನ ಅರ್ಥ ಏನೆಂದು ಬಸವಪ್ರಸಾದ ಒಮ್ಮೆ ಊಟಕ್ಕೆ ಕರೆದಾಗ ಕೇಳಿದ್ದಕ್ಕೆ ಗಟ್ಟಿಗ ಅಂತ ಇರಬೇಕು ಎಂದು ಮಾತು ಹಾರಿಸಿದ್ದ.

"ಹಿಂದೆ ಎಷ್ಟು ಮಕ್ಕಳು ಹೋದವು?" ಎಂದು ಅವನು ಇಂಗ್ಲಿಷಿನಲ್ಲಿ, ಮೆಲ್ಲಗೆ ಕೇಳಿದ.

ಪವಿ ಬೆಚ್ಚಿದಳು. "ನಿಮಗೆ ಯಾರು ಹೇಳಿದರು?"

"ನಿಮ್ಮ ತಾಯಿಯ ಬೆನ್ನು." ಅವನು ತನ್ನ ಬೂಟುಗಳನ್ನು ನೋಡುತ್ತ ಹೇಳಿದ. "ನನಗಿಂತ ಮುಂಚೆ ಒಬ್ಬ ಅಣ್ಣ, ಒಬ್ಬಳು ಅಕ್ಕ. ಇಬ್ಬರೂ ಉಳಿಯಲಿಲ್ಲ. ನಮ್ಮ ಹಳ್ಳಿಯಲ್ಲಿ ಹಾಗಾದರೆ ಕೂಸನ್ನು ದಾರಿ ಕೂಡುವಲ್ಲಿ ಇಡುತ್ತಾರೆ. ಮೊದಲು ಬಂದವನು ಎತ್ತಿ ಹೆಸರು ಕೊಡಬೇಕು, ಅವನೇ ಧರ್ಮತಂದೆ. ನನ್ನನ್ನು ಎತ್ತಿದವನು ಕತ್ತೆಯ ಮೇಲೆ ಹಿಟ್ಟು ಹೇರಿಕೊಂಡು ಹೋಗುತ್ತಿದ್ದ ಒಬ್ಬ ಮುದುಕ. ಸ್ತೋಯಾನ್ ಅಂದ. ನಮ್ಮ ಭಾಷೆಯಲ್ಲಿ ಸ್ತೋಯಾ ಅಂದರೆ ನಿಂತಿದ್ದೇನೆ. ಸ್ತೋಯಾನ್ ಅಂದರೆ ನಿಲ್ಲುವವನು, ಹೋಗದೆ ಇರುವವನು. ಓದಿದ ಮೇಲೆ ಇದನ್ನು ಯಾರಿಗೂ ಹೇಳಿಲ್ಲ. ನಾಚಿಕೆ."

ನಿಲ್ಲುವವನು. ಕೂಸು ನಿಲ್ಲಲಿಲ್ಲ ಎಂದು ಅಳುವ ಊರಿನವಳಿಗೆ ಈ ಮಾತಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮಕ್ಕಳ ಕಚೇರಿಯಿಂದ ಬಂದ ಫ್ರಾವ್ ಕ್ರಾಮರ್ ನಡುವಯಸ್ಸಿನವಳು. ಒರಟು ಮಾತಿಲ್ಲ, ನಗುವೂ ಇಲ್ಲ. ಪವಿ ಸಂಜೆಯ ಕ್ಲಾಸಿನಲ್ಲಿ ಕಲಿತ ಜರ್ಮನ್ ಸಾಕಷ್ಟು ಚೆನ್ನಾಗಿದ್ದುದರಿಂದ ತಾಯಿಯ ಮಾತನ್ನು ಅವಳೇ ತಿರುಗಿಸಿ ಹೇಳಬೇಕೆಂದಾಯಿತು. ಒಂದು ಕಡೆ ಗಂಡ, ಇನ್ನೊಂದು ಕಡೆ ಅವ್ವ. ಅವ್ವನ ಜಾಕೆಟ್ಟಿನ ಕಿಸೆಯಲ್ಲಿ ತೌಡಿನ ಪಾಕೀಟು ಉಬ್ಬಿಕೊಂಡಿತ್ತು.

"ಮಗುವನ್ನು ಅಲ್ಲಿ ಯಾಕೆ ಇಟ್ಟಿರಿ ಎಂದು ನಿಮ್ಮ ತಾಯಿಯನ್ನು ಕೇಳಿ."

ಪವಿ ಕೇಳಿದಳು. ಸುಶೀಲಾಬಾಯಿ ಅಳಿಯನ ಕಡೆ ನೋಡಿದಳು. ಅಳಿಯ ನೆಲ ನೋಡುತ್ತಿದ್ದ. ಕಾರಿಡಾರಿನ ಮಾತು ಅವಳ ಕಿವಿಗೆ ಬಿದ್ದಿತ್ತು ಎಂಬುದು ಪವಿಗೆ ಆಗ ಹೊಳೆಯಿತು.

"ನನಗ ಹುಚ್ಚು ಹಿಡದೈತಿ ಅಂತ ಹೇಳವಾ," ಎಂದಳು ಸುಶೀಲಾಬಾಯಿ, ಶಾಂತವಾಗಿ. "ಮುದುಕಿಗೆ ಖಬರಿಲ್ಲ ಅಂತ ಹೇಳು. ನಾಳೆನ ಹೋಗ್ತೀನಿ, ಮತ್ತ ಈ ಕಡೆ ಬರಂಗಿಲ್ಲ. ಕೂಸು ಮನಿಗೆ ಬಂದ್ರ ಸಾಕು. ಹೇಳಬಿಡು ನನ್ನವ್ವಾ."

ಹೇಳಬೇಕಾದ್ದನ್ನು ತಾಯಿಯೇ ಬಾಯಿಗೆ ಹಾಕಿಕೊಟ್ಟಿದ್ದಳು. ಹಾಗೇ ತಿರುಗಿಸಿ ಹೇಳಿದರೆ ಸಾಕಿತ್ತು. ಫ್ರಾವ್ ಕ್ರಾಮರಳ ಪೆನ್ನು ಕಾಯುತ್ತಿತ್ತು. ಪವಿ ಬಾಯಿ ತೆರೆದಳು. ತನ್ನನ್ನು ತೌಡು ಕೊಟ್ಟು ಕೊಂಡವಳನ್ನು ಹುಚ್ಚಿ ಎನ್ನಲು ಅವಳ ನಾಲಿಗೆ ಒಪ್ಪಲಿಲ್ಲ.

"ನನ್ನ ತಾಯಿಗೆ ಬುದ್ಧಿ ನೆಟ್ಟಗಿದೆ," ಎಂದಳು ಜರ್ಮನ್‌ನಲ್ಲಿ. ಬಸವಪ್ರಸಾದ ತಲೆಯೆತ್ತಿದ. "ನನಗೆ ಎರಡು ಮಕ್ಕಳು ಹೋಗಿವೆ. ಒಂದು ನಮ್ಮೂರಲ್ಲಿ, ಒಂದು ಇಲ್ಲೇ. ಇಲ್ಲಿನದು ನಿಮ್ಮ ಆಸ್ಪತ್ರೆಯ ಕಾಗದದಲ್ಲಿದೆ, ನೋಡಿ."

ಪೆನ್ನು ನಿಂತಿತು. ಪಕ್ಕದಲ್ಲಿ ಗಂಡ ಕಣ್ಣು ಮುಚ್ಚಿದ.

"ಈ ಮಗುವಿನ ಹೆಸರೇನು?" ಎಂದಳು ಫ್ರಾವ್ ಕ್ರಾಮರ್.

"ಇಲ್ಲ."

"ಇಲ್ಲವೆಂದರೆ? ಇಷ್ಟು ದಿನವಾದರೂ? ಇದು ಬದುಕುತ್ತದೆಂದು ನೀವು ಅಂದುಕೊಂಡಿರಲಿಲ್ಲವೇ?"

ಇದಕ್ಕಿಂತ ಕೆಟ್ಟ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಇದಕ್ಕಿಂತ ಸರಿಯಾದದ್ದನ್ನೂ ಕೇಳಿರಲಿಲ್ಲ.

"ಹೆಸರಿಟ್ಟವು ಹೋದವು," ಎಂದಳು ಪವಿ. "ಅದಕ್ಕೇ ಹೆದರಿ ಇಡಲಿಲ್ಲ. ನಮ್ಮ ಕಡೆ ಹೀಗಾದಾಗ ಕೂಸನ್ನು ತಿಪ್ಪೆಯ ಮೇಲೆ ಇಡುತ್ತಾರೆ, ಬೇರೆಯವರು ಎತ್ತುತ್ತಾರೆ, ತಾಯಿ ಕೊಂಡುಕೊಳ್ಳುತ್ತಾಳೆ. ಬೇಡವಾಗಿ ಒಗೆಯುವುದಲ್ಲ. ಸಾವಿಗೆ ಸುಳ್ಳು ಹೇಳುವುದು. ಸುಳ್ಳಾದರೂ ನನ್ನ ತಾಯಿ ಅಲ್ಲೇ ನಿಂತಿದ್ದಳು. ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ." ಅವಳು ಗಂಡನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ. "ನನ್ನ ಹೆಸರು ಪವಿತ್ರಾ ಅಲ್ಲ. ನನ್ನ ಹೆಸರು ತಿಪ್ಪವ್ವ. ತಿಪ್ಪೆಯವಳು. ನನಗಿಂತ ಮೊದಲು ನನ್ನ ತಾಯಿಗೂ ಎರಡು ಹೋಗಿದ್ದವು. ನನ್ನನ್ನೂ ಹೀಗೇ ಇಟ್ಟಿದ್ದರು. ನಾನು ನಿಂತೆ."

ಜರ್ಮನ್ ತಿಳಿಯದ ಸುಶೀಲಾಬಾಯಿಗೆ ಆ ಮಾತಿನ ರಾಶಿಯಲ್ಲಿ ಒಂದು ಮಾತು ಮಾತ್ರ ತಿಳಿದಿತ್ತು. ಅವಳು ಮಗಳ ಮುಖವನ್ನೇ ನೋಡುತ್ತ ಸೆರಗನ್ನು ಬಾಯಿಗೊತ್ತಿಕೊಂಡಳು.

ಫ್ರಾವ್ ಕ್ರಾಮರ್ ಎದ್ದು ಹೋಗಿ ಸ್ತೋಯಾನನನ್ನು ಒಳಗೆ ಕರೆದಳು. ಏನು ಕಂಡಿರಿ ಎಂದು ಕೇಳಿದಳು. ಅಜ್ಜಿ ಬಿಟ್ಟು ಹೋಗಿರಲಿಲ್ಲ, ಬೆನ್ನು ಹಾಕಿದ್ದರೂ ಕಿವಿಯಿಂದ ಕಾಯುತ್ತಿದ್ದಳು ಎಂದ. ಅದು ನಿಮಗೆ ಹೇಗೆ ಗೊತ್ತು ಎಂದಳು. ಅವನು ಬೂಟು ನೋಡುವುದನ್ನು ಬಿಟ್ಟು, ತನ್ನ ಹೆಸರಿನ ಕತೆಯನ್ನು ಮೊದಲಿನಿಂದ ಹೇಳಿದ. ಕತ್ತೆಯನ್ನೂ ಬಿಡಲಿಲ್ಲ.

ಆಮೇಲೆ ಅವಳು ಬಹಳ ಹೊತ್ತು ಫೋನಿನಲ್ಲಿದ್ದಳು. ಹಳೆಯ ಕಾಗದ ತರಿಸಿದಳು, ಡಾಕ್ಟರ ಜೊತೆ ಮಾತಾಡಿದಳು. ಗಾಜಿನ ಆಚೆ ಕೂಸು ಅತ್ತಿತು, ಮಲಗಿತು, ಮತ್ತೆ ಅತ್ತಿತು. ಹೊರಗೆ ಕೂತ ಮನೆಯ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಸವಪ್ರಸಾದ ಸಿಟ್ಟಾಗಿದ್ದಾನೋ, ಅಸಹ್ಯಪಟ್ಟಿದ್ದಾನೋ, ಪವಿಗೆ ತಿಳಿಯಲಿಲ್ಲ. ಮನೆಗೆ ಕೂಸು ಬಾರದಿದ್ದರೆ ತಪ್ಪು ತನ್ನ ಬಾಯಿಯದೇ ಎಂಬುದು ಮಾತ್ರ ತಿಳಿದಿತ್ತು.

ಸಂಜೆಗೆ ಫ್ರಾವ್ ಕ್ರಾಮರ್ ಹೊರಗೆ ಬಂದಳು.

"ಮಗುವನ್ನು ಹೊರಗೆ ಇಡುವುದು ಇದೇ ಕೊನೆ. ದಾದಿ ಪ್ರತಿದಿನ ಮನೆಗೆ ಬರುತ್ತಾಳೆ, ನಾನೂ ಹೇಳದೆ ಬರುತ್ತೇನೆ," ಎಂದಳು. ಆಮೇಲೆ ಮೊದಲ ಬಾರಿಗೆ ಪವಿಯ ಕಣ್ಣನ್ನು ನೇರ ನೋಡಿ, "ಕರೆದುಕೊಂಡು ಹೋಗಿ" ಎಂದಳು.

ನರ್ಸು ಕೂಸನ್ನು ತಂದಳು. ಪವಿಯ ಕೈ ತಾನಾಗಿ ಮುಂದೆ ಹೋಯಿತು. ಹಿಂದಿನಿಂದ ಅವ್ವ ಅವಳ ಭುಜ ಹಿಡಿದಳು. ಬೆಳಗಿನಿಂದ ಉಳಿದವರೆಲ್ಲ ಕಚೇರಿಗೆ ಹೆದರಿದ್ದರು. ಅವ್ವ ಒಬ್ಬಳು ಹೆದರಿದ್ದು ಬೇರೆಯದಕ್ಕೆ. ವ್ಯಾಪಾರ ಮುಗಿಯದೆ ಕೂಸು ಇನ್ನೂ ಯಾರದೂ ಆಗಿರಲಿಲ್ಲ. ಪವಿ ಅರ್ಥಮಾಡಿಕೊಂಡು ಕೈ ಹಿಂದೆ ತೆಗೆದಳು.

"ಅವರಿಗೆ ಕೊಡಿ," ಎಂದು ಸ್ತೋಯಾನನನ್ನು ತೋರಿಸಿದಳು.

ಅವನು ಕೂಸನ್ನು ತೆಗೆದುಕೊಂಡ. ಸುಶೀಲಾಬಾಯಿ ಕಿಸೆಯ ಪಾಕೀಟು ತೆಗೆದು ಮಗಳ ಕೈಗಿಟ್ಟಳು. ಪವಿ ಅದನ್ನು ಅವನಿಗೆ ಕೊಟ್ಟು, ಸೀರೆ ಉಟ್ಟಿರಲಿಲ್ಲವಾದ್ದರಿಂದ ಶಾಲಿನ ತುದಿಯನ್ನೇ ಒಡ್ಡಿದಳು. ಸ್ತೋಯಾನ್ ತೌಡನ್ನು ಕೋಟಿನ ಕಿಸೆಗೆ ಹಾಕಿಕೊಂಡು ಕೂಸನ್ನು ಶಾಲಿನೊಳಗೆ ಇಳಿಸಿದ. ಫ್ರಾವ್ ಕ್ರಾಮರ್ ಕೋಟು ಹಾಕಿಕೊಳ್ಳುತ್ತ ಎಲ್ಲವನ್ನೂ ನೋಡಿದಳು, ಏನೂ ಬರೆದುಕೊಳ್ಳಲಿಲ್ಲ.

"ಎತ್ತಿದವನು ಹೆಸರು ಕೊಡಬೇಕು ಅಂದಿದ್ದಿರಿ," ಎಂದಳು ಪವಿ.

"ನನಗೆ ಒಂದೇ ಹೆಸರು ಬರುತ್ತದೆ," ಎಂದ ಅವನು.

"ಅದೇ ಸಾಕು."

ಹೀಗೆ ಬಾಗಲಕೋಟೆಯ ದೊಡ್ಡ ಮನೆತನದ ಮೊಮ್ಮಗನಿಗೆ ಸ್ತೋಯಾನ್ ಎಂದಾಯಿತು. ಬಸವಪ್ರಸಾದ ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ. ಅವನು ಮುಂದೆ ಬಂದು ಮೊದಲು ಅತ್ತೆಯ ಕಾಲು ಮುಟ್ಟಿದ. ಅವಳು ಹಿಂದೆ ಸರಿದು, "ಏಳ್ರಿ, ಏಳ್ರಿ, ಮಂದಿ ನೋಡ್ತಾರ" ಎಂದಳು. ಅವನು ಎದ್ದು, ಮಗನ ತಲೆಯ ಮೇಲಿನ ಕುಂಚಿಗೆಯನ್ನು ಸರಿಮಾಡಿ, ಹೆಂಡತಿಯ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

"ತಿಪ್ಪವ್ವಾ," ಎಂದ. "ನಡಿ, ಮನಿಗೆ ಹೋಗೂನು."

ಹತ್ತನೆಯ ಕ್ಲಾಸಿನಿಂದ ಆ ಹೆಸರಿಗೆ ಓಗೊಡದವಳು, ಓ ಎಂದಳು.